ಮರದ ಕೈಸಾಲೆಗಳು: ಪ್ಯಾರಿಸ್ಸಿನ ಪಾಲೇ ರೋಯಾಲ್ ಅರಮನೆಯ ಅಂಗಡಿಬೀದಿ

ಪ್ಯಾರಿಸ್ ನಗರದ ನಡುಭಾಗದಲ್ಲಿ, ಲೂವ್ರ್ ಅರಮನೆಗೆ ಉತ್ತರಕ್ಕೆ, ಪಾಲೇ ರೋಯಾಲ್ ಎಂಬ ಹಳೆಯ ಅರಮನೆಯೊಂದುಂಟು. ಅದರ ಅಂಗಳಕ್ಕೂ ತೋಟಕ್ಕೂ ನಡುವೆ ಕಲ್ಲುಕಂಬಗಳ ಸಾಲುಗಳು ನಿಂತಿವೆ. ನಡುವಣ ಜಾಗಕ್ಕೆ ಮಾಡಿಲ್ಲ. ಅಲ್ಲಿ ಅಂಗಡಿಗಳೂ ಇಲ್ಲ. ತೋಟವನ್ನು ನೋಡಲು ಹೋಗುವವರು ಆ ಕಂಬಗಳ ನಡುವೆ ನುಸುಳಿ ಮುಂದೆ ನಡೆಯುತ್ತಾರೆ. ಆದರೆ ಯೂರೋಪಿನ ಮಹಾನಗರಗಳಲ್ಲೆಲ್ಲ ಮುಂದೆ ಹರಡಿದ ಒಂದು ಕಟ್ಟಡಜಾತಿಯ, ಎಂದರೆ ಮಾಡು ಹೊದಿಸಿದ ಅಂಗಡಿಬೀದಿಯ, ಮೂಲವನ್ನು ಹುಡುಕುವವನು ನಿಲ್ಲಬೇಕಾದ ಸ್ಥಳವು ಅದೇ. ಅಲ್ಲಿ ೧೭೮೬ರಿಂದ ೧೮೨೮ರ ವರೆಗೆ ಹಲಗೆಗಳಿಂದ ಕಟ್ಟಿದ ಒಂದು ಅಂಗಡಿಬೀದಿಯಿದ್ದಿತು. ಅದನ್ನು ಕೆಡವಿದ ಮೇಲೆ ಕಲ್ಲು ಗಾಜುಗಳಿಂದ ಕಟ್ಟಿದ ಮತ್ತೊಂದಿದ್ದಿತು. ಮೊದಲನೆಯದು ತಾತ್ಕಾಲಿಕವೆಂದು ಕಟ್ಟಿದುದು, ಎರಡನೆಯದು ಶಾಶ್ವತವೆಂದು ಕಟ್ಟಿದುದು. ಜನರು ನೆನಪಿನಲ್ಲಿಟ್ಟುಕೊಂಡುದು ಮೊದಲನೆಯದನ್ನು. ಹೀಗೇಕಾಯಿತೆಂಬುದನ್ನೂ, ಆ ನೆನಪಿಗೆ ಮುಖ್ಯ ಆಧಾರವಾಗಿರುವ ಒಂದು ಕಾದಂಬರಿಯನ್ನು ಇತಿಹಾಸಕಾರರು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನೂ ಈ ಲೇಖನದಲ್ಲಿ ವಿಚಾರಿಸಬೇಕೆಂದಿದ್ದೇವೆ.

ಮೊದಲು ಹೆಸರುಗಳ ವಿಷಯ. ಮನೆಯ ಅಥವಾ ಗುಡಿಯ ಪಕ್ಕಕ್ಕೆ ಕಂಬಗಳ ಮೇಲೆ ಇಳಿಮಾಡು ಬಿಟ್ಟು ಕಟ್ಟಿದುದನ್ನು ನಮ್ಮವರು ಕೈಸಾಲೆಯೆಂದು ಕರೆಯುತ್ತಾರೆ. ಪ್ರಕೃತ ಸಂದರ್ಭದಲ್ಲಿ ಎರಡು ಬೇರೆ ರಚನೆಗಳಿವೆ. ಒಂದು, ಕಟ್ಟಡದ ಮುಂಭಾಗದಲ್ಲಿ ಒಂದು ಕಡೆ ತೆರೆದಿರುವ ಕಮಾನುಗಳ ಸಾಲು. ಎರಡನೆಯದು, ಎರಡು ಕಡೆಯೂ ಅಂಗಡಿಗಳಿದ್ದು ಮೇಲೆ ಮುಚ್ಚಿರುವ ಬೀದಿ. ಫ್ರೆಂಚರು ಎರಡಕ್ಕೂ ‘ಗ್ಯಾಲರಿ’ ಎಂಬ ಒಂದೇ ಮಾತನ್ನು ಬಳಸಿದುದರಿಂದ ವಿವರಣೆಗಳಲ್ಲಿ ಕೆಲವು ಗೊಂದಲಗಳು ಹುಟ್ಟಿವೆ. ನಾವು ಮೊದಲನೆಯದನ್ನು ಕೈಸಾಲೆಯೆಂದೂ, ಎರಡನೆಯದನ್ನು ಅಂಗಡಿಬೀದಿಯೆಂದೂ ಕರೆಯುವೆವು. ‘ಮರದ ಕೈಸಾಲೆಗಳು’ ಎಂಬ ರೂಢಿಯ ಹೆಸರನ್ನು ಮಾತ್ರ, ಅದು ಅಂಗಡಿಬೀದಿಯಾಗಿದ್ದರೂ, ಹಾಗೆಯೇ ಇರಿಸಿಕೊಂಡಿದ್ದೇವೆ.

ಅರಮನೆಯ ಪೂರ್ವಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬಹುದು. ಹದಿಮೂರನೆಯ ಲೂಯಿಯ ಮಂತ್ರಿಯಾದ ಕಾರ್ಡಿನಲ್ ರಿಶ್ಲ್ಯೂ ತನ್ನ ವಾಸಕ್ಕಾಗಿ ಲೆಮೆರ್ಸಿಯೇ ಎಂಬ ಶಿಲ್ಪಿಯಿಂದ ಇದನ್ನು ಕಟ್ಟಿಸಿದನು. ಆಗ ಇದರ ಹೆಸರು ‘ಕಾರ್ಡಿನಲನ ಅರಮನೆ’. ೧೬೪೨ರಲ್ಲಿ ಅವನು ತೀರಿಕೊಂಡಾಗ ಇದು ದೊರೆಯ ಸೊತ್ತಾಯಿತು. ಮರುವರ್ಷವೇ ದೊರೆಯೂ ಗತಿಸಲು, ವಿಧವೆಯಾದ ರಾಣಿ ಆನ್ ಎಳೆಯನಾಗಿದ್ದ ಹದಿನಾಲ್ಕನೆಯ ಲೂಯಿಯೊಡನೆ ಇಲ್ಲಿಗೆ ಬಂದು ನೆಲಸಿದಳು. ‘ರಾಜ’ ಎಂಬ ವಿಶೇಷಣವು ಅಂಟಿಕೊಂಡುದು ಆಗ. ದೊರೆಗಳು ಇಲ್ಲಿ ಬಾಳಿದ್ದು ಕೆಲವೇ ವರ್ಷ. ಹೆಸರು ಮಾತ್ರ ಉಳಿಯಿತು. ೧೬೯೨ರಲ್ಲಿ ಲೂಯಿಯು ಇದನ್ನು ತನ್ನ ತಮ್ಮನಿಗೆ ಉಂಬಳಿಯಾಗಿ ಕೊಟ್ಟುದರಿಂದ ಓರ್ಲೆಯಾನ್ ಡ್ಯೂಕರ ಶಾಖೆಗೆ ಇದು ವಂಶಪಾರಂಪರ್ಯವಾಗಿ ಬಂದಿತು. ಈ ಉಂಬಳಿಯ ಸಂಗತಿಯು ಮುಂದಿನ ಕಥೆಗೆಲ್ಲ ಕೀಲು. ರಾಜವಂಶದ ಕುಮಾರನ ಸ್ವಂತ ನೆಲೆಯಾದುದರಿಂದ, ಅವನ ಕಡೆಯವರ ಅಪ್ಪಣೆಯಿಲ್ಲದೆ ನಗರದ ಪೊಲೀಸಿನವರು ಅಲ್ಲಿ ಕಾಲಿಡುವಂತಿರಲಿಲ್ಲ.

೧೭೮೦ರ ಕೊನೆಯಲ್ಲಿ ಅರಮನೆಯು ಲೂಯಿ ಫಿಲಿಪ್ ಜೋಸೆಫನ ಕೈಗೆ ಬಂದಿತು. ಇವನು ಆಗ ಶಾರ್ತ್ರ್ ಡ್ಯೂಕ್, ೧೭೮೫ರಿಂದ ಓರ್ಲೆಯಾನ್ ಡ್ಯೂಕ್. ಐಶ್ವರ್ಯದಲ್ಲಿ ಫ್ರಾನ್ಸಿನ ಮೊದಲ ಸಾಲಿನವನು, ವೆಚ್ಚದಲ್ಲಿ ಅದಕ್ಕೂ ಮೊದಲಿನವನು. ಸಾಲವನ್ನು ತೀರಿಸಲು ಅವನು ಕಂಡ ಉಪಾಯವೇನೆಂದರೆ, ತೋಟದ ಮೂರು ಅಂಚುಗಳಲ್ಲಿ ಒಂದೇ ಮಾದರಿಯ ಮನೆಗಳನ್ನು ಸಾಲಾಗಿ ಕಟ್ಟಿಸಿ, ನೆಲದಂತಸ್ತಿನಲ್ಲಿ ಕಮಾನುಗಳ ಕೈಸಾಲೆಯನ್ನೂ ಅದರ ಹಿಂದೆ ಅಂಗಡಿಗಳನ್ನೂ ಇಟ್ಟು, ಮಾರಾಟ ಮತ್ತು ಬಾಡಿಗೆಗಳಿಂದ ಹಣವೆತ್ತುವುದು. ಬೋರ್ದೋ ನಗರದ ಪ್ರಸಿದ್ಧ ನಾಟಕಶಾಲೆಯನ್ನು ಕಟ್ಟಿದ್ದ ವಿಕ್ತೋರ್ ಲೂಯಿಯು ೧೭೮೧ರಲ್ಲಿ ಕೆಲಸಕ್ಕೆ ತೊಡಗಿದನು. ರಿಶ್ಲ್ಯೂವಿನ ಕಾಲದಿಂದ ಬೆಳೆದಿದ್ದ ಮರಗಳು ಉರುಳಿದವು. ಅವುಗಳೊಡನೆ, ಯಾವುದರ ನೆರಳಿನಲ್ಲಿ ಸುದ್ದಿಗಾರರು ದಿನವೂ ಸೇರುತ್ತಿದ್ದರೋ ಆ ‘ಕ್ರಾಕೋವಿನ ಮರ’ವೂ ಹೋಯಿತು. ತೋಟದ ನೋಟವನ್ನೂ ಹಿತ್ತಲಬಾಗಿಲುಗಳನ್ನೂ ಕಳೆದುಕೊಂಡ ನೆರೆಮನೆಯವರು ವ್ಯಾಜ್ಯಕ್ಕೆ ನಿಂತರು, ಪ್ರಯೋಜನವಾಗಲಿಲ್ಲ. ೧೭೮೪ರ ಹೊತ್ತಿಗೆ ಮೂರು ಕೈಸಾಲೆಗಳೂ ಮುಗಿದು, ಡ್ಯೂಕನ ಮೂವರು ಗಂಡುಮಕ್ಕಳ ಬಿರುದುಗಳಿಂದ ವಲ್ವಾ, ಮೋಂಪಾಂಸಿಯೇ, ಬೋಜೊಲೇ ಎಂಬ ಹೆಸರುಗಳನ್ನು ಪಡೆದವು. ಭಾನುವಾರವೊಂದುಳಿದು ಬೇರೆ ದಿನಗಳಲ್ಲಿ ಅಂಗಡಿಕಾರನಾದ ದಾಯಾದಿಯ ದರ್ಶನವಾಗುವುದು ಕಷ್ಟವೆಂದು ಹದಿನಾರನೆಯ ಲೂಯಿಯು ಹಾಸ್ಯಮಾಡಿದನೆಂಬ ಐತಿಹ್ಯವಿದೆ. ಮಾತು ನಿಜವೋ ಕಟ್ಟುಕಥೆಯೋ, ರಾಜಕುಮಾರನು ಅಂಗಡಿಯಿಟ್ಟನೆಂಬ ಬೆರಗು ಮಾತ್ರ ನಿಜವಾದುದು.

ನಾಲ್ಕನೆಯ ಅಂಚಿನಲ್ಲಿ, ಅಂಗಳ ತೋಟಗಳ ನಡುವೆ, ಕಂಬಸಾಲಿನ ಭವ್ಯವಾದ ಭಾಗವೊಂದು ನಕ್ಷೆಯಲ್ಲಿದ್ದಿತು. ಅಷ್ಟರಲ್ಲಿ ಡ್ಯೂಕನ ಹಣ ಬತ್ತಿತು. ಖಾಲಿ ಬಿದ್ದ ಆ ಜಾಗವು ೧೭೮೬ರಲ್ಲಿ ಗುತ್ತಿಗೆಗೆ ಹೋಗಿ, ಅಲ್ಲಿ ಹಲಗೆಗಳಿಂದ ಅಂಗಡಿಗಳ ಮೂರು ಸಾಲುಗಳೂ ಅವುಗಳ ನಡುವೆ ಎರಡು ಓಣಿಗಳೂ ಎದ್ದವು. ಮೇಲೆ ಒಂದೇ ಮಾಡು. ಬೆಳಕು ಬರುತ್ತಿದ್ದುದು ಮಾಡಿನ ಬಳಿಯ ಕಿಟಕಿಗಳಿಂದ. ನಡುವಣ ಸಾಲಿಗೆ ಓಣಿಗಳ ಬೆಳಕೇ ಗತಿ. ನೆಲಕ್ಕೆ ಕಲ್ಲುಹಾಸಿರಲಿಲ್ಲ. ಜನರು ಇದನ್ನು ‘ತಾತಾರರ ಪಾಳೆಯ’ವೆಂದು ಹಂಗಿಸಿದರು, ಹಂಗಿಸುತ್ತಲೇ ಅಲ್ಲಿಗೆ ಹೋದರು.

ಹೋದುದೇಕೆ? ಆ ಕಾಲದ ಪ್ಯಾರಿಸ್ಸಿನ ಬೀದಿಗಳನ್ನು ಮನಸ್ಸಿಗೆ ತಂದುಕೊಂಡರೆ ಉತ್ತರವು ಅರ್ಧ ತಿಳಿಯುತ್ತದೆ. ಬೀದಿಯ ಅಂಚಿನಲ್ಲಿ ನಡೆಯುವವರಿಗೆ ಪ್ರತ್ಯೇಕವಾದ ದಾರಿಯಿರಲಿಲ್ಲ. ನಡುವೆ ಚರಂಡಿ, ಎಲ್ಲೆಲ್ಲಿಯೂ ಕೆಸರು. ಕುದುರೆಗಾಡಿ ಬಂದರೆ ಗೋಡೆಗೆ ಒರಗಿ ಜೀವ ಉಳಿಸಿಕೊಳ್ಳಬೇಕು. ಇಂತಹ ಊರಿನಲ್ಲಿ ಮಳೆಗೆ ನೆನೆಯದೆ, ಗಾಡಿಗೆ ಅಂಜದೆ, ಕೊಳ್ಳುವ ಬಲವಂತವೂ ಇಲ್ಲದೆ ಸುಮ್ಮನೆ ಅಡ್ಡಾಡುವ ಜಾಗವು ಹೊಸದೊಂದು ಸುಖವಾಗಿದ್ದಿತು. ಉಳಿದರ್ಧವು ಹಿಂದೆ ಹೇಳಿದ ಉಂಬಳಿಯ ಹಕ್ಕು. ಬೇರೆಡೆ ಮಾರಲು ಅಂಜುವ ಪುಸ್ತಕವು ಇಲ್ಲಿ ದೊರೆಯುತ್ತಿದ್ದಿತು. ಬೇರೆಡೆ ಆಡಲು ಅಂಜುವ ಮಾತು ಇಲ್ಲಿ ಕೇಳಿಬರುತ್ತಿದ್ದಿತು. ಜೂಜೂ ಸೂಳೆಗಾರಿಕೆಯೂ ಅದೇ ರಕ್ಷೆಯಲ್ಲಿ ಬೆಳೆದವು. ಇವುಗಳನ್ನು ಒಂದರಿಂದೊಂದು ಬೇರ್ಪಡಿಸಿ, ಸ್ವಾತಂತ್ರ್ಯವನ್ನು ಹೊಗಳಿ ದುರಾಚಾರವನ್ನು ತೆಗಳುವ ಲೇಖಕರು ಅನೇಕರಿದ್ದಾರೆ. ಎರಡೂ ಒಂದೇ ಬಾಗಿಲಿನಿಂದ ಒಳಬಂದವೆಂಬುದನ್ನು ಅವರು ಮರೆತಂತೆ ತೋರುತ್ತದೆ. ೧೭೯೦ರಲ್ಲಿ ಪ್ಯಾರಿಸ್ಸಿಗೆ ಬಂದ ರಷ್ಯದ ಕರಮ್ಜಿನನು ಈ ಅರಮನೆಯನ್ನು ರಾಜಧಾನಿಯೊಳಗಿನ ರಾಜಧಾನಿಯೆಂಬಂತೆ ವರ್ಣಿಸಿದುದು ಈ ಎಲ್ಲವನ್ನೂ ಒಟ್ಟಿಗೆ ಕಂಡೇ.

ಪ್ರಾಸಂಗಿಕವಾಗಿ ಒಂದು ಮಾತು. ಶ್ರೀರಂಗಪಟ್ಟಣದಿಂದ ಟೀಪು ಸುಲ್ತಾನನು ಕಳುಹಿಸಿದ ಮೂವರು ದೂತರು ಪ್ಯಾರಿಸ್ಸಿನಲ್ಲಿದ್ದು, ವೆರ್ಸಾಯಿಯಲ್ಲಿ ದೊರೆಯನ್ನು ಕಂಡುದು ೧೭೮೮ರ ಬೇಸಗೆಯಲ್ಲಿ. ಆಗ ಈ ಹಲಗೆಗಳಿಗೆ ಎರಡು ವರ್ಷ. ದೂತರು ಯಾರ ನೆರವನ್ನು ಕೋರಿ ಬಂದಿದ್ದರೋ ಆ ದೊರೆತನವು ಮರುವರ್ಷವೇ ಅಲುಗಿತು. ಅಲುಗಾಟದ ಮೊದಲ ಕೂಗುಗಳಲ್ಲೊಂದು ಕೇಳಿಬಂದುದು ಇದೇ ತೋಟದಲ್ಲಿ. ೧೭೮೯ನೆಯ ಜುಲೈ ೧೨, ಭಾನುವಾರ, ಮಂತ್ರಿ ನೆಕ್ಕೇರನನ್ನು ತೆಗೆದುಹಾಕಿದ ಸುದ್ದಿ ಬಂದಾಗ, ಕಾಮಿಯ್ ದೆಮೂಲಾನ್ ಎಂಬ ತರುಣ ವಕೀಲನು ಫ್ವಾ ಕಾಫಿಮನೆಯ ಮುಂದೆ ಮೇಜಿನ ಮೇಲೆ ನಿಂತು ಜನರನ್ನು ಶಸ್ತ್ರವೆತ್ತಲು ಕರೆದನು. ಎರಡು ದಿನಗಳಲ್ಲಿ ಬಾಸ್ತಿಯ್ ಕೋಟೆ ಬಿದ್ದಿತು. ಮರದ ಕೈಸಾಲೆಗಳು ಕ್ರಾಂತಿಯನ್ನು ಹೆತ್ತವೆಂದು ನಾವು ಹೇಳುವುದಿಲ್ಲ; ಆದರೆ ಹತ್ತಾರು ಸಾವಿರ ಜನರು ಕಾರಣವಿಲ್ಲದೆ ಪ್ರತಿದಿನ ಸೇರುವ ರೂಢಿಯನ್ನು ಅವು ಬೆಳೆಸಿದ್ದವು. ಹಾಗೆ ಸೇರಿದವರಿಗೆ ಕಾರಣವೊಂದು ಸಿಕ್ಕಿದಾಗ ಏನಾಗುವುದೆಂದು ಅವುಗಳ ಒಡೆಯನು ಲೆಕ್ಕಹಾಕಿರಲಾರನು. ೧೭೯೨ರಲ್ಲಿ ‘ಫಿಲಿಪ್ ಎಗಾಲಿತೆ’, ಎಂದರೆ ಸಮಾನತೆಯ ಫಿಲಿಪ್, ಎಂದು ಹೆಸರು ಬದಲಿಸಿಕೊಂಡು, ಮರುವರ್ಷ ದಾಯಾದಿಯಾದ ದೊರೆಯ ಮರಣದಂಡನೆಗೆ ಮತವಿತ್ತ ಅವನೇ ೧೭೯೩ನೆಯ ನವೆಂಬರ್ ೬ರಂದು ಗಿಲೊಟಿನಿಗೆ ತಲೆಕೊಟ್ಟನು. ಅದೇ ವರ್ಷದ ಜುಲೈಯಲ್ಲಿ ಶಾರ್ಲೋತ್ ಕೊರ್ದೇ ಎಂಬ ತರುಣಿಯು ಮರಾನನ್ನು ಕೊಂದ ಕತ್ತಿಯನ್ನು ಕೊಂಡುದು ಈ ಅರಮನೆಯ ಅಂಗಡಿಯಲ್ಲಿ. ಒಡೆಯನು ಹೋದರೂ ಅಂಗಡಿಗಳು ಮುಚ್ಚಲಿಲ್ಲ. ಅರಮನೆಯು ಸರ್ಕಾರದ ವಶವಾಯಿತು. ಅದರ ಹೆಸರು ಎರಡು ಮೂರು ಸಲ ಬದಲಾಯಿತು. ಹಲಗೆಗಳು ಇದ್ದಂತೆಯೇ ಇದ್ದವು. ೧೮೧೪ರಲ್ಲಿ ಅರಸೊತ್ತಿಗೆಯು ಮರಳಿದಾಗ ಎಗಾಲಿತೆಯ ಹಿರಿಯ ಮಗ ಲೂಯಿ ಫಿಲಿಪನಿಗೆ ಪಿತ್ರಾರ್ಜಿತವು ಹಿಂದಿರುಗಿತು.

ಮರದ ಕೈಸಾಲೆಗಳ ಪ್ರಸಿದ್ಧಿಯ ಕಾಲವು ಇದರ ಮುಂದಿನ ಹದಿನಾಲ್ಕು ವರ್ಷ. ಹೆಂಗಸರ ಟೋಪಿ ಮಾಡುವವರೂ ಪುಸ್ತಕ ಮಾರುವವರೂ ಅಲ್ಲಿ ನೆರೆಹೊರೆಯವರಾಗಿದ್ದರು. ದಾಂತ್ಯು ಎಂಬವನ ಅಂಗಡಿ ಅಲ್ಲಿತ್ತು. ಹೊಸ ಕವಿಗಳ ಪ್ರಕಾಶಕನೆಂದು ಹೆಸರಾದ ಲಾದ್ವೊಕಾನ ಅಂಗಡಿ ಅಲ್ಲಿತ್ತು. ೧೮೧೬ರಲ್ಲಿ ಮುಳುಗಿದ ‘ಮೆದ್ಯೂಸ್’ ಹಡಗಿನ ತೆಪ್ಪದಿಂದ ಬದುಕಿಬಂದ ಕೊರೆಯಾರನು ‘ಮೆದ್ಯೂಸಿನ ನೌಕಾಘಾತದವನು’ ಎಂಬ ಹಲಗೆ ತೂಗಿಸಿ ಅಲ್ಲಿ ರಾಜಕೀಯ ಕಿರುಹೊತ್ತಗೆಗಳನ್ನು ಮಾರುತ್ತಿದ್ದನು. ಸರ್ಕಾರದ ಅಲಕ್ಷ್ಯದಿಂದ ಸತ್ತವರ ಪರವಾಗಿ ಬರೆದು ಶಿಕ್ಷೆಗೊಳಗಾದವನು ಅಂಗಡಿಯಿಡಲು ಇದಕ್ಕಿಂತ ತಕ್ಕ ಜಾಗವು ಪ್ಯಾರಿಸ್ಸಿನಲ್ಲಿ ಬೇರೆ ಇರಲಿಲ್ಲ.

ಇನ್ನು ಕಾದಂಬರಿಯ ವಿಚಾರ. ಬಾಲ್ಜಾಕನ ‘ಕಳೆದುಹೋದ ಭ್ರಮೆಗಳು’ ಎಂಬ ಗ್ರಂಥದ ಎರಡನೆಯ ಭಾಗವು ೧೮೩೯ರಲ್ಲಿ ಪ್ರಕಟವಾಯಿತು. ಅದರಲ್ಲಿ ಲೂಸಿಯಾನ್ ಎಂಬ ಹಳ್ಳಿಗಾಡಿನ ಕವಿಯು ತನ್ನ ಪದ್ಯಗಳ ಕಟ್ಟನ್ನು ಹಿಡಿದು ಮರದ ಕೈಸಾಲೆಯ ದೋರಿಯಾ ಎಂಬ ಪ್ರಕಾಶಕನ ಅಂಗಡಿಗೆ ಹೋಗುವ ಪ್ರಸಂಗವಿದೆ. ದೋರಿಯಾನಲ್ಲಿ ಲಾದ್ವೊಕಾನ ಹೋಲಿಕೆಯನ್ನು ವಿದ್ವಾಂಸರು ಕಂಡಿದ್ದಾರೆ. ಕೈಸಾಲೆಗಳ ವಿಷಯವಾಗಿ ಇಂದು ಯಾರು ಏನು ಬರೆದರೂ ಈ ಪ್ರಸಂಗದಿಂದಲೇ ಬಹುಭಾಗವನ್ನು ತೆಗೆದುಕೊಂಡಿರುತ್ತಾರೆ: ನಡೆಯುವವರ ಪಾದರಕ್ಷೆಗಳಿಂದ ಉದುರಿದ ಕೆಸರು ಗಟ್ಟಿಯಾಗಿ ದಿಬ್ಬ ತಗ್ಗುಗಳಾದ ನೆಲ, ಮಳೆ ಸೋರುವ ಮಾಡು, ಆರಡಿ ಅಗಲ ಎಂಟು ಹತ್ತಡಿ ಉದ್ದದ ಗೂಡುಗಳಿಗೆ ಸಾವಿರ ಎಕ್ಯು, ಎಂದರೆ ಮೂರು ಸಾವಿರ ಫ್ರಾಂಕು, ಬಾಡಿಗೆ. ಇದನ್ನು ಸಾಕ್ಷಿಯೆಂದು ಒಪ್ಪಬಹುದೇ?

ಒಪ್ಪಬಹುದೆಂದೇ ನಮ್ಮ ಅಭಿಪ್ರಾಯ. ಆದರೆ ಯಾವುದಕ್ಕೆ ಸಾಕ್ಷಿಯೆಂಬುದನ್ನು ವಿಂಗಡಿಸಬೇಕು. ೧೭೯೯ರಲ್ಲಿ ಹುಟ್ಟಿದ ಬಾಲ್ಜಾಕನು ೧೮೧೪ರಲ್ಲಿ ಪ್ಯಾರಿಸ್ಸಿಗೆ ಬಂದವನು. ಕೈಸಾಲೆಗಳನ್ನು ಹದಿನಾಲ್ಕು ವರ್ಷ ಕಣ್ಣಾರೆ ಕಂಡವನು. ಅಷ್ಟೇ ಅಲ್ಲ, ಮೊದಲು ಪ್ರಕಾಶಕನಾಗಿ, ಆಮೇಲೆ ಮುದ್ರಣಾಲಯದ ಒಡೆಯನಾಗಿ ಪುಸ್ತಕವ್ಯಾಪಾರಿಗಳೊಡನೆ ಸಾಲದ ಲೇವಾದೇವಿಯಲ್ಲಿ ಸಿಕ್ಕಿಬಿದ್ದವನು. ಅವನ ಮುದ್ರಣದ ಉದ್ಯೋಗವು ಮುಳುಗಿದುದೂ ಕೈಸಾಲೆಗಳು ನೆಲಕ್ಕುರುಳಿದುದೂ ೧೮೨೮ನೆಯ ಒಂದೇ ವರ್ಷದಲ್ಲಿ. ಆದುದರಿಂದ ಬಾಡಿಗೆ, ಅಂಗಡಿಯ ಅಳತೆ, ಹಸ್ತಪ್ರತಿಯನ್ನು ಓದದೆ ಬೆಲೆಕಟ್ಟುವ ರೀತಿ ಇವುಗಳಲ್ಲಿ ಅವನ ಮಾತಿಗೆ ತೂಕವಿದೆ. ಇವು ನಷ್ಟಪಟ್ಟವನ ಲೆಕ್ಕ. ಕೆಸರಿನ ವಿಷಯದಲ್ಲಿ ಸ್ವಲ್ಪ ಎಚ್ಚರಬೇಕು. ೧೭೮೭ರಲ್ಲಿ ದೆಬ್ಯುಕೂರನು ಕೆತ್ತಿದ ವರ್ಣಚಿತ್ರವೊಂದರಲ್ಲಿ ಈ ಅರಮನೆಯ ಕೈಸಾಲೆಯಲ್ಲಿ ಅಡ್ಡಾಡುವವರು ಕಾಣುತ್ತಾರೆ: ಎಲ್ಲೆಲ್ಲಿಯೂ ರೇಷ್ಮೆ, ಗರಿಯ ಟೋಪಿ, ಕೆಸರಿನ ಸುಳಿವಿಲ್ಲ. ಚಿತ್ರಕಾರನ ಗಿರಾಕಿಗಳು ಅಡ್ಡಾಡುವವರೇ ಆದುದರಿಂದ ಅವನು ಅವರ ಉಡುಪನ್ನು ನೋಡಿದನು. ತನ್ನ ಕವಿಯನ್ನು ಮೇಲಿಂದ ಕೆಳಗಿಳಿಸುವ ಉದ್ದೇಶದ ಕಾದಂಬರಿಕಾರನು ನೆಲವನ್ನು ನೋಡಿದನು. ಇಬ್ಬರೂ ಸುಳ್ಳಾಡಲಿಲ್ಲ.

ಪ್ರಸಂಗದಲ್ಲಿ ಒಂದು ಸಂಖ್ಯೆಯ ತೊಡಕಿದೆ. ಪಾಠ ಹೇಳುವವರು ಗಮನಿಸತಕ್ಕದ್ದು. ಈ ಹೊಲಸು ಸಂತೆಯು ಮೂವತ್ತಾರು ವರ್ಷ ಪ್ಯಾರಿಸ್ಸಿನ ಬಾಳಿನಲ್ಲಿ ದೊಡ್ಡ ಪಾತ್ರವಹಿಸಿತೆಂದು ಬಾಲ್ಜಾಕನು ಬರೆಯುತ್ತಾನೆ. ಆದರೆ ೧೭೮೬ರಿಂದ ೧೮೨೮ಕ್ಕೆ ನಲವತ್ತೆರಡು ವರ್ಷ. ಇದನ್ನು ಅಜಾಗ್ರತೆಯೆಂದು ತಳ್ಳಿಬಿಡಬಹುದು. ನಮಗೆ ಬೇರೊಂದು ತೋರುತ್ತದೆ. ೧೭೮೬ಕ್ಕೆ ಮೂವತ್ತಾರನ್ನು ಕೂಡಿದರೆ ೧೮೨೨. ಲೂಸಿಯಾನನು ಪ್ಯಾರಿಸ್ಸಿನಲ್ಲಿರುವುದು ೧೮೨೧–೨೨ರಲ್ಲಿ. ಲೇಖಕನು ಎಣಿಕೆಯನ್ನು ಕಟ್ಟಡ ಬಿದ್ದ ವರ್ಷಕ್ಕಲ್ಲದೆ ತನ್ನ ಕಥೆಯ ವರ್ಷಕ್ಕೆ ನಿಲ್ಲಿಸಿರುವ ಸಂಭವವುಂಟು. ಈ ಊಹೆ ನಿಂತರೆ, ವರ್ಣನೆಯ ಮಧ್ಯದಲ್ಲಿ ‘ಆಗ’ ಎಂಬುದು ಎರಡು ಕಾಲಗಳಿಗೆ ಅನ್ವಯಿಸುತ್ತದೆ: ಕವಿಯು ನಡೆದ ಕಾಲ, ಕಾದಂಬರಿಕಾರನು ನೆನೆಯುವ ಕಾಲ. ನಲವತ್ತು ದಾಟಿದವರಿಗೆ ಮಾತ್ರ ಇದು ನಂಬಿಕೆಯಾದೀತು, ಹುಡುಗರಿಗೆ ಆಗಲಾರದು ಎಂಬ ಅರ್ಥದ ಮಾತನ್ನು ಅವನು ಅಲ್ಲಿಯೇ ಸೇರಿಸಿರುವುದೂ ಇದಕ್ಕೆ ಅನುಕೂಲವಾಗಿದೆ.

ಲೂಯಿ ಫಿಲಿಪನಿಗೆ ತಂದೆಯ ಸಾಲದ ಕುರುಹು ಹಿಡಿಸಲಿಲ್ಲ. ಅವನ ಶಿಲ್ಪಿ ಫೋಂತೇನನು ಹಲಗೆಗಳನ್ನು ಕಿತ್ತು, ೧೮೨೮ರಿಂದ ೧೮೩೦ರೊಳಗೆ ಅದೇ ಜಾಗದಲ್ಲಿ ಓರ್ಲೆಯಾನ್ ಅಂಗಡಿಬೀದಿಯನ್ನು ಕಟ್ಟಿದನು. ಪ್ಯಾರಿಸ್ಸಿನ ಹಿಂದಿನ ಅಂಗಡಿಬೀದಿಗಳು ಇಕ್ಕಟ್ಟಾದುವು. ಇದರ ಅಗಲವು ಅವುಗಳ ಎರಡರಷ್ಟು. ಕಲ್ಲಿನ ಕಂಬಗಳು, ಕಬ್ಬಿಣದ ಹಂದರದ ಮೇಲೆ ಉದ್ದಕ್ಕೂ ಗಾಜಿನ ಕಮಾನುಮಾಡು, ಒಂದೇ ಅಳತೆಯ ಅಂಗಡಿಗಳು. ಶಿಲ್ಪಶಾಸ್ತ್ರದ ದೃಷ್ಟಿಯಿಂದ ಇದರಲ್ಲಿ ದೋಷವಿಲ್ಲ. ೧೮೩೦ನೆಯ ಮೇ ೩೧ರ ರಾತ್ರಿ ನೇಪಲ್ಸಿನ ದೊರೆಯ ಗೌರವಾರ್ಥವಾಗಿ ಡ್ಯೂಕನು ಅರಮನೆಯಲ್ಲಿ ಔತಣವಿತ್ತನು. ಹತ್ತನೆಯ ಶಾರ್ಲ್ ದೊರೆಯೂ ಬಂದಿದ್ದನು. ಹೊರಗೆ ತೋಟದಲ್ಲಿ ಜನರು ಕುರ್ಚಿಗಳನ್ನು ರಾಶಿಹಾಕಿ ಸುಟ್ಟರು. ಅಗ್ನಿಪರ್ವತದ ಮೇಲೆ ಕುಣಿಯುತ್ತಿದ್ದೇವೆಂದು ಸಾಲ್ವಾಂದಿ ಹೇಳಿದನೆಂಬ ಮಾತು ಆ ರಾತ್ರಿಯದು. ಮೂರು ತಿಂಗಳೊಳಗೆ ಶಾರ್ಲನು ಓಡಿಹೋಗಿ ಡ್ಯೂಕನು ದೊರೆಯಾದನು. ಮರುವರ್ಷ ತ್ವಿಲರಿ ಅರಮನೆಗೆ ವಾಸವನ್ನು ಬದಲಾಯಿಸಿದನು.

ಆ ಬಳಿಕ ಪಾಲೇ ರೋಯಾಲಿನಲ್ಲಿ ಸಭ್ಯತೆ ನೆಲಸಿತು. ವೇಶ್ಯೆಯರನ್ನು ೧೮೩೦ರ ಹೊತ್ತಿಗೇ ಹೊರಗಟ್ಟಿದ್ದರು. ೧೮೩೬ನೆಯ ಡಿಸೆಂಬರ್ ೩೧ರ ನಡುರಾತ್ರಿ ಜೂಜಿನ ಮನೆಗಳಿಗೆ ಬೀಗ ಬಿದ್ದಿತು. ಅವರೊಡನೆ ಉಳಿದ ಗಿರಾಕಿಗಳೂ ಹೊರಟುಹೋದರು. ಉತ್ತರದ ಹೆದ್ದಾರಿಗಳ ಕಡೆಗೆ ನಗರದ ವಿಹಾರವು ಸರಿಯಿತು. ನೆರೆಯಲ್ಲಿಯೇ ವಿವಿಯೆನ್, ವೆರೊ-ದೊದಾ ಮುಂತಾದ ಹೊಸ ಅಂಗಡಿಬೀದಿಗಳು ೧೮೨೬ರ ಸುಮಾರಿಗೆ ತೆರೆದಿದ್ದವು. ಅವನತಿಗೆ ಸಭ್ಯತೆಯೊಂದೇ ಕಾರಣವೆನ್ನುವುದು ಅತಿಶಯೋಕ್ತಿಯಾದೀತು. ಆದರೂ ಸ್ಪರ್ಧೆಯನ್ನು ಗೆಲ್ಲಲು ಫೋಂತೇನನ ಬೀದಿಯಲ್ಲಿದ್ದುದು ಗಾಜೊಂದೇ; ಅಷ್ಟು ಗಾಜು ಎಲ್ಲರಲ್ಲಿಯೂ ಇದ್ದಿತು.

ಅಂಗಡಿಬೀದಿಗಳ ಇತಿಹಾಸವನ್ನು ಬರೆದವರಲ್ಲಿ ಮುಖ್ಯನಾದ ಜರ್ಮನಿಯ ವಾಲ್ಟರ್ ಬೆನ್ಯಮಿನನು ಅವುಗಳ ಉತ್ಪತ್ತಿಗೆ ಬಟ್ಟೆಯ ವ್ಯಾಪಾರದ ಏಳಿಗೆಯನ್ನೂ ಕಬ್ಬಿಣದ ಕಟ್ಟಡಗಾರಿಕೆಯನ್ನೂ ಕಾರಣವಾಗಿ ಹೇಳಿದನು. ೧೮೨೨ರ ಮುಂದಿನ ಹದಿನೈದು ವರ್ಷಗಳನ್ನು ಅವುಗಳ ಮುಖ್ಯಕಾಲವೆಂದೆಣಿಸಿದನು. ಬಹುಸಂಖ್ಯೆಯ ಮಟ್ಟಿಗೆ ಇದು ಸರಿ. ಆದರೆ ಮೂಲಮಾದರಿಯಾದ ಮರದ ಕೈಸಾಲೆಯಲ್ಲಿ ಕಬ್ಬಿಣವಿರಲಿಲ್ಲ. ಅದು ೧೮೨೨ಕ್ಕೆ ಮೂವತ್ತಾರು ವರ್ಷ ಹಿಂದಿನದು. ಅದನ್ನು ಹುಟ್ಟಿಸಿದುದು ಒಬ್ಬ ರಾಜಕುಮಾರನ ಬರಿದಾದ ಬೊಕ್ಕಸ, ಒಂದು ಗುತ್ತಿಗೆಯ ಕರಾರು, ಪೊಲೀಸರನ್ನು ತಡೆದ ಒಂದು ಹಳೆಯ ಉಂಬಳಿಯ ಹಕ್ಕು. ಕಬ್ಬಿಣ ಗಾಜುಗಳು ಬಂದಾಗ ಆ ಬೀದಿಯ ಆಕಾರವೂ, ಅದರಲ್ಲಿ ಕೊಳ್ಳದೆ ಅಡ್ಡಾಡುವ ಜನರೂ ಆಗಲೇ ಸಿದ್ಧವಾಗಿದ್ದರೆಂಬುದು ನಮ್ಮ ವಾದ. ಬೆನ್ಯಮಿನನ ಆ ಪ್ರಬಂಧವು ಪ್ಯಾರಿಸ್ಸಿನಲ್ಲಿ ಸಿದ್ಧವಾದುದು ೧೯೩೫ರಲ್ಲಿ. ಕಾಕತಾಳೀಯವಾಗಿ, ಓರ್ಲೆಯಾನ್ ಅಂಗಡಿಬೀದಿಯ ಗಾಜಿನ ಮಾಡನ್ನೂ ಅಂಗಡಿಗಳನ್ನೂ ಕಿತ್ತುಹಾಕಿ ಮುಗಿಸಿದುದೂ ಅದೇ ವರ್ಷ.

ಅರಮನೆಯು ೧೮೭೧ರ ಮೇ ತಿಂಗಳ ದಂಗೆಯಲ್ಲಿ ಉರಿದು, ಮತ್ತೆ ಸರಿಪಡಿಸಲ್ಪಟ್ಟು, ೧೮೭೫ರಿಂದ ಫ್ರಾನ್ಸಿನ ರಾಜ್ಯಮಂತ್ರಾಲೋಚನ ಸಭೆಯ ಕಚೇರಿಯಾಗಿದೆ. ವಿಕ್ತೋರ್ ಲೂಯಿಯ ಮೂರು ಕೈಸಾಲೆಗಳು ಕೆಡದೆ ಉಳಿದಿವೆ. ನಾಲ್ಕನೆಯ ಅಂಚಿನಲ್ಲಿ, ಫೋಂತೇನನ ಕಂಬಗಳ ನಡುವೆ, ಪೋಲ್ ಬ್ಯೂರಿ ಎಂಬ ಶಿಲ್ಪಿಯು ಉಕ್ಕಿನ ಹೊಳೆಯುವ ಗುಂಡುಗಳುಳ್ಳ ಎರಡು ಕಾರಂಜಿಗಳನ್ನು ೧೯೮೫ರಲ್ಲಿ ಇರಿಸಿದನು. ಕೊರೆಯಾರನೂ ಲಾದ್ವೊಕಾನೂ ಅಂಗಡಿ ತೆರೆದುಕೊಂಡು ಕುಳಿತಿದ್ದ ನೆಲವು ಅದೇ.